ಮೂರಡಿ ಕಡಲು

"ಕಡ್ಲ್ ಇಲ್ಲೇ ಇತ್ತಲೆ, ಉಪ್ಪ್ ಎಂತಕ್ ತಕಂಬುದ್?" ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡುತ್ತೇನೆ ಎಂದಾಗ ಅಮಾಸೆಬೈಲಿನಲ್ಲಿ ನನಗೆ ಸಿಕ್ಕ ಮೊದಲ ಬುದ್ಧಿಮಾತು ಇದು. ಎರಡನೆಯದು ಪೇಟೆಯ ಅಂಗಡಿಯಲ್ಲಿ ಸಿಕ್ಕಿತು: "ನೀವು ಹೊಸಬ್ರಲ್ದಾ, ಸಣ್ಣದ್ರಲ್ಲೇ ಶುರು ಮಾಡಿ." ಎರಡೂ ಮಾತಿನಲ್ಲಿ ತಪ್ಪು ಹುಡುಕುವಂಥದ್ದೇನೂ ಕಾಣಲಿಲ್ಲ. ಎರಡನ್ನೂ ಪಾಲಿಸಿ ಒಂದು ತೊಟ್ಟಿ ಹಾಳುಮಾಡಿಕೊಂಡ ಮೇಲೆ ಹೇಳುತ್ತಿದ್ದೇನೆ: ಹೊಸಬನಿಗೆ ಚಿಕ್ಕ ತೊಟ್ಟಿಯೇ ಕಷ್ಟದ್ದು, ಪುಕ್ಕಟೆ ಸಿಗುವ ಕಡಲನೀರೇ ದುಬಾರಿಯದ್ದು.

ಮೊದಲು ತೊಟ್ಟಿಯ ಮಾತು. ಅಂಗಡಿಯವರು ತೋರಿಸುವುದು ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು. ಹಿಡಿಯುವುದು 40 ಲೀಟರಿನಷ್ಟು. ನಾನು ಹೇಳುವುದು ಮೂರಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿಯದ್ದು. ಅದಕ್ಕೆ 190 ಲೀಟರು ಬೇಕು. ದೊಡ್ಡ ತೊಟ್ಟಿಯ ಪರ ಮಾತಾಡುವವರು ಸಾಮಾನ್ಯವಾಗಿ ನೀರು ಆರುವ ಲೆಕ್ಕ ಮುಂದಿಡುತ್ತಾರೆ. ಆರಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ, ಆದ್ದರಿಂದ ಚಿಕ್ಕ ತೊಟ್ಟಿ ಬೇಗ ಉಪ್ಪಾಗುತ್ತದೆ ಎಂದು. ನಿಜ, ಆದರೆ ಅಷ್ಟೊಂದಲ್ಲ. ಚಿಕ್ಕದು ದಿನಕ್ಕೆ ಅರ್ಧ ಲೀಟರು ಕಳೆದುಕೊಂಡರೆ, ಬಾಯಿ ಮೂರು ಪಟ್ಟು ಅಗಲವಿರುವ ದೊಡ್ಡದು ಒಂದೂವರೆ ಲೀಟರು ಕಳೆದುಕೊಳ್ಳುತ್ತದೆ. ಲೀಟರಿಗೆ 35 ಗ್ರಾಂ ಉಪ್ಪಿನಿಂದ ಹೊರಟು ಒಂದು ವಾರ ನೀರು ಹಾಕದೆ ಮದುವೆಮನೆಗೆ ಹೋಗಿ ಬಂದರೆ, ಚಿಕ್ಕದರಲ್ಲಿ 38.4 ಆಗಿರುತ್ತದೆ, ದೊಡ್ಡದರಲ್ಲಿ 37. ಈ ಒಂದು ವಿಷಯದಲ್ಲಿ ದೊಡ್ಡದರ ಹೆಚ್ಚುಗಾರಿಕೆ ಜನ ಹೇಳುವಷ್ಟಿಲ್ಲ. (ಆರಿದ ಜಾಗಕ್ಕೆ ಸಿಹಿನೀರು ಹಾಕಬೇಕು. ಉಪ್ಪುನೀರೇ ಸುರಿಯುವವರು ಇದ್ದಾರೆ, ಮೊದಲ ವಾರ ನಾನೂ ಸುರಿದವನೇ.)

ದೊಡ್ಡ ತೊಟ್ಟಿ ನಿಜವಾಗಿ ಕೈಹಿಡಿಯುವುದು ಹೊಲಸಿನ ಲೆಕ್ಕದಲ್ಲಿ. ಮಕ್ಕಳು ಒಂದು ಚಿಟಿಕೆ ಆಹಾರ ಹೆಚ್ಚಿಗೆ ಹಾಕಿದರು, ಕಲ್ಲಿನ ಸಂದಿಯಲ್ಲಿ ಒಂದು ಮೀನು ಸತ್ತಿದ್ದು ಕಾಣಲಿಲ್ಲ. ಅದು ಕೊಳೆತು ಹುಟ್ಟುವ ಅಮೋನಿಯ 40 ಲೀಟರಿನಲ್ಲಿ ಹರಡುವುದಕ್ಕೂ 190ರಲ್ಲಿ ಹರಡುವುದಕ್ಕೂ ಐದು ಪಟ್ಟಿನ ವ್ಯತ್ಯಾಸ. ಬಾಟಲಿಯಲ್ಲಿ ಗಪ್ಪಿ ಸಾಕಿದ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಸಿಹಿನೀರಿನ ಪಿಎಚ್ 7ರ ಹತ್ತಿರವಿದ್ದರೆ ಅಮೋನಿಯದ ಬಹುಪಾಲು ಅಷ್ಟೇನೂ ಅಪಾಯವಿಲ್ಲದ ರೂಪದಲ್ಲಿರುತ್ತದೆ. ಕಡಲನೀರಿನ ಪಿಎಚ್ 8.2ರ ಆಸುಪಾಸು. ಅಲ್ಲಿ ಅದರ ವಿಷರೂಪದ ಪಾಲು ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಅಂದರೆ ಗಪ್ಪಿ ಸಹಿಸಿಕೊಂಡ ತಪ್ಪನ್ನೇ ಇಲ್ಲಿ ಮಾಡಿದರೆ ಮೀನು ಸಾಯುತ್ತದೆ. ತಪ್ಪು ಮಾಡುವವನು ಹೊಸಬ. ಅವನ ಕೈಗೇ ತಪ್ಪನ್ನು ತಾಳದ ತೊಟ್ಟಿ ಕೊಡುವುದು ಯಾವ ನ್ಯಾಯ? ಪಳಗಿದವರು ಚಿಕ್ಕದನ್ನು ಚೆಂದವಾಗಿ ನಡೆಸುತ್ತಾರೆ, ಅದನ್ನು ಒಪ್ಪುತ್ತೇನೆ. ಅವರು ದಿನಾ ನೋಡುತ್ತಾರೆ, ಅಳೆಯುತ್ತಾರೆ, ವಾಸನೆಯಲ್ಲೇ ಹಿಡಿಯುತ್ತಾರೆ.

ನಮ್ಮೂರಲ್ಲಿ ಇನ್ನೊಂದು ಕಾರಣವೂ ಇದೆ, ಕರೆಂಟು. ಎ. ಜಿ. ಕೊಡ್ಗಿಯವರ ಮುಂದಾಳ್ತನದಲ್ಲಿ ಮನೆಮನೆಗೆ ಸೋಲಾರ್ ದೀಪ ಬಂದ ಊರು ಅಮಾಸೆಬೈಲು. ಜೂನಿನ ಗಾಳಿಗೆ ಮರ ಲೈನಿನ ಮೇಲೆ ಬಿದ್ದರೂ ಬೆಳಕಿಗೆ ಬರವಿಲ್ಲ. ಆದರೆ ನೀರು ತಿರುಗಿಸುವ ಪಂಪು ನಿಲ್ಲುತ್ತದೆ. ನೀರು ತಿರುಗದಿದ್ದರೆ ಮೀನಿಗಷ್ಟೇ ಉಸಿರು ಕಟ್ಟುವುದಲ್ಲ, ಫಿಲ್ಟರಿನೊಳಗೆ ಅಮೋನಿಯ ಅರಗಿಸುವ ಬ್ಯಾಕ್ಟೀರಿಯಕ್ಕೂ ಆಮ್ಲಜನಕವಿಲ್ಲ. 12 ವೋಲ್ಟಿನ ಬ್ಯಾಟರಿಗೆ ಹೊಂದುವ ಸಣ್ಣ ಏರ್ ಪಂಪು ಒಂದಿದ್ದರೆ ರಾತ್ರಿ ಕಳೆಯಬಹುದು. ಅದನ್ನು ತಂದು ಸಿಕ್ಕಿಸುವಷ್ಟು ಹೊತ್ತನ್ನಾದರೂ ತೊಟ್ಟಿ ಕೊಡಬೇಕಲ್ಲ. ಚಿಕ್ಕದು ಕೊಡುವುದಿಲ್ಲ.

ಈಗ ಪುಕ್ಕಟೆ ಕಡಲಿನ ಮಾತು. ಇಲ್ಲಿಂದ ಕುಂದಾಪುರಕ್ಕೆ ಹತ್ತಿರಹತ್ತಿರ 40 ಕಿಲೋಮೀಟರು. ದೂರವನ್ನು ಮರೆತರೂ ಆ ದಡದ ನೀರು ವರ್ಷವಿಡೀ ಒಂದೇ ಅಲ್ಲ. ಗಂಗೊಳ್ಳಿಯ ಅಳಿವೆಯಲ್ಲಿ ವಾರಾಹಿ, ಚಕ್ರಾ, ಸೌಪರ್ಣಿಕಾ ಸೇರಿ ಐದು ಹೊಳೆ ಕಡಲಿಗೆ ಬೀಳುತ್ತವೆ. ಮಳೆಗಾಲದಲ್ಲಿ ಘಟ್ಟದ ಕೆಂಪುನೀರೆಲ್ಲ ಅಲ್ಲಿಗೇ. ನಮ್ಮ ಮಾಡಿನ ಮೇಲೆ ಸುರಿದ ಮಳೆಯನ್ನೇ ಒಂದಿಷ್ಟು ಉಪ್ಪು ಬೆರೆಸಿ ಹೊತ್ತು ತಂದಂತಾಗುತ್ತದೆ. ಬಂದರಿನ ಹತ್ತಿರ ದೋಣಿಯ ಡೀಸೆಲ್ಲು ಬೇರೆ. ದೀಪಾವಳಿ ಕಳೆದ ಮೇಲೆ, ಅಳಿವೆಯಿಂದ ದೂರ, ಭರತದ ಹೊತ್ತಿಗೆ ತುಂಬಿಕೊಂಡು, ಸೋಸಿ, ಎರಡು ವಾರ ಕತ್ತಲಲ್ಲಿಟ್ಟು ಬಳಸಿದರೆ ಒಳ್ಳೆಯ ನೀರೇ. ಆದರೆ ತೊಟ್ಟಿಯ ನೀರನ್ನು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಬದಲಿಸುತ್ತಲೇ ಇರಬೇಕು. ಆಷಾಢದಲ್ಲಿ ಎಲ್ಲಿಂದ ತರುತ್ತೀರಿ?

ನಾನು ತಂದದ್ದು ನವೆಂಬರಿನಲ್ಲೇ, ಮರವಂತೆಯಿಂದ. ನೀರು ಕನ್ನಡಿಯಂತಿತ್ತು. ತೊಟ್ಟಿಗೆ ಹಾಕಿ, ಹದಕ್ಕೆ ಬಂದ ಮೇಲೆ ಎರಡು ಮೀನು, ನಾಲ್ಕು ಸನ್ಯಾಸಿ ಏಡಿ ಬಿಟ್ಟೆ. ಕೆಲವು ದಿನ ಎಲ್ಲ ಸರಿಯಿತ್ತು. ಕೊಟ್ಟಿಗೆಯ ಡ್ರಮ್ಮಿನಲ್ಲಿ ಎತ್ತಿಟ್ಟಿದ್ದ ಅದೇ ನೀರಿನಿಂದ ಮೊದಲ ಸಲ ನೀರು ಬದಲಿಸಿದ ಎರಡನೇ ದಿನ ಏಡಿಗಳು ಚಿಪ್ಪಿನಿಂದ ಅರ್ಧ ಹೊರಗೆ ಜೋತುಬಿದ್ದವು. ನಾಲ್ಕೂ ಸತ್ತವು. ಮೀನುಗಳು ಮಾತ್ರ ಏನೂ ಆಗದಂತೆ ಓಡಾಡಿಕೊಂಡಿದ್ದವು. ಉಪ್ಪು ಅಳೆದೆ, ಸರಿ. ಅಮೋನಿಯ ನೋಡಿದೆ, ಇಲ್ಲ. ಕೊನೆಗೆ ಡ್ರಮ್ಮನ್ನು ಬಿಸಿಲಿಗೆ ಮಗುಚಿ ಹಾಕಿದಾಗ ಮುಚ್ಚಳದ ತಿರುಪಿನ ಸಂದಿಯಲ್ಲಿ ಉಗುರಿನಷ್ಟು ಉದ್ದದ ತಿಳಿನೀಲಿ ಹಕ್ಕಳೆ ಕಂಡಿತು. ಮೈಲುತುತ್ತ! ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲಸುತ್ತೇವಲ್ಲ, ಅದೇ ಡ್ರಮ್ಮು. ಮೂರು ಸಲ ತೊಳೆದಿದ್ದೆ. ಮೈಲುತುತ್ತದಲ್ಲಿರುವ ತಾಮ್ರ ಮೀನಿನ ಕೆಲವು ರೋಗಕ್ಕೆ ಮದ್ದೂ ಹೌದು, ಆದರೆ ಏಡಿ, ಸಿಗಡಿ, ಶಂಖದ ಹುಳುಗಳಿಗೆ ಕಿಂಚಿತ್ತು ಬಿದ್ದರೂ ವಿಷ. ಮೀನುಗಳು ಯಾಕೆ ಉಳಿದವೆಂಬುದು ಆಗ ಗೊತ್ತಾಯಿತು. ಅಡಿಕೆ ತೋಟವಿರುವ ಯಾವ ಮನೆಯಲ್ಲೂ ಈ ತಪ್ಪು ಆಗಬಹುದು. ಪೇಟೆಯವರು ಬರೆಯುವ ಯಾವ ಕೈಪಿಡಿಯಲ್ಲೂ ಇದು ಇರುವುದಿಲ್ಲ.

ಹಾಗಾದರೆ ಸಾಣೀಕಟ್ಟೆಯ ಉಪ್ಪು ತಂದು ಕಲಸಿದರೆ? ಅದೂ ಕಡಲಿನದ್ದೇ ತಾನೆ ಎಂದು ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಉಪ್ಪಿನ ಆಗರದಲ್ಲಿ ನೀರು ಆರುತ್ತಾ ಬಂದಂತೆ ಸುಣ್ಣದ ಅಂಶ ಮೊದಲೇ ಜಿಪ್ಸಮ್ಮಾಗಿ ತಳ ಸೇರುತ್ತದೆ, ಮೆಗ್ನೀಸಿಯಂ ಕೊನೆಯ ಕಹಿನೀರಿನಲ್ಲಿ ಉಳಿದು ಹೊರಗೆ ಹೋಗುತ್ತದೆ. ನಡುವೆ ಎಳೆದು ರಾಶಿ ಹಾಕುವುದು ಹೆಚ್ಚುಕಡಿಮೆ ಸೋಡಿಯಂ ಕ್ಲೋರೈಡ್ ಮಾತ್ರ. ಮೀನುಸಾರಿಗೆ ಅದಕ್ಕಿಂತ ಬೇರೆ ಬೇಡ, ಮೀನಿಗೆ ಅದು ಸಾಲದು. ಅಕ್ವೇರಿಯಂಗೆಂದೇ ಮಾಡಿದ ಉಪ್ಪು ಬೇಕು. 190 ಲೀಟರಿಗೆ ಏಳು ಕಿಲೋ ಆಸುಪಾಸು. ಕಲಸುವ ನೀರು ಆರ್‌ಒ ಯಂತ್ರದ್ದಾದರೆ ನಿಶ್ಚಿಂತೆ. ತೋಟದ ನಡುವಿನ ಬಾವಿಯದ್ದು, ಮದ್ದು ಹೊಡೆದ ತಿಂಗಳುಗಳಲ್ಲಂತೂ, ಬೇಡವೇ ಬೇಡ.

ಇಷ್ಟಾದ ಮೇಲೂ ಮೀನು ತರಲು ನಾಲ್ಕರಿಂದ ಆರು ವಾರ ಕಾಯಬೇಕು. ಅಮೋನಿಯವನ್ನು ನೈಟ್ರೈಟಾಗಿ, ನೈಟ್ರೈಟನ್ನು ನೈಟ್ರೇಟಾಗಿ ಮಾಡುವ ಬ್ಯಾಕ್ಟೀರಿಯ ನೆಲೆಯೂರುವುದಕ್ಕೆ ಅಷ್ಟು ಹೊತ್ತು ಹಿಡಿಯುತ್ತದೆ. ನಡೆಯುತ್ತಿರುವ ತೊಟ್ಟಿಯ ಸ್ಪಂಜಿನ ಒಂದು ತುಂಡು ಸಿಕ್ಕಿದರೆ ಹಾಲಿಗೆ ಹೆಪ್ಪು ಹಾಕಿದಂತೆ ಬೇಗ ಆಗುತ್ತದೆ. ಹವಳದ ಕಲ್ಲು ಮಾತ್ರ ಕೇಳಬೇಡಿ, ಯಾರಾದರೂ ಕೊಟ್ಟರೂ ತರಬೇಡಿ. ಹವಳ, ಕಡಲಕುದುರೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಆಸೆಯಿದ್ದವರು ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಮುಳುಗಿ ನೋಡಿ ಬರಲಿ. ಕ್ಲೌನ್ ಮೀನನ್ನು ಹ್ಯಾಚರಿಯಲ್ಲೇ ಮರಿ ಮಾಡಿಸುವ ವಿದ್ಯೆ ನಮ್ಮ ದೇಶದಲ್ಲೇ ಇದೆ. ಕೊಳ್ಳುವಾಗ ಅಂಥದ್ದೇ ಕೇಳಿ.

ದೊಡ್ಡದಕ್ಕೆ ಹಣ ಹೆಚ್ಚು ಎಂಬ ಮಾತು ಉಳಿಯಿತು. ಹೌದು, ಹೆಚ್ಚು. ಗಾಜು, ಉಪ್ಪು, 200 ಕಿಲೋ ಮೀರಿದ ಭಾರ ತಡೆಯುವ ಕಟ್ಟೆ, ಎಲ್ಲಕ್ಕೂ ಖರ್ಚಿದೆ. ಅಷ್ಟು ಕೈಲಾಗದಿದ್ದರೆ ಇನ್ನೊಂದು ವರ್ಷ ಗಪ್ಪಿಯನ್ನೇ ಸಾಕಿ. ಚಿಕ್ಕದನ್ನು ಕೊಂಡು ಎರಡು ಸಲ ಮೀನು ಸಾಯಿಸಿ ಮೂರನೆಯ ಸಲ ತೊಟ್ಟಿಯಲ್ಲಿ ಮನಿಪ್ಲಾಂಟ್ ಬೆಳೆಸುವುದಕ್ಕಿಂತ ಅದು ಅಗ್ಗ.

ನನ್ನ ಮೂರಡಿ ತೊಟ್ಟಿ ಈಗ ಜಗಲಿಯ ಒಳಗೋಡೆಗೆ ಒತ್ತಿ ಕಗ್ಗಲ್ಲಿನ ಕಟ್ಟೆಯ ಮೇಲಿದೆ. ಎರಡು ಕ್ಲೌನ್ ಮೀನು, ಆರು ಏಡಿ. ಆ ಡ್ರಮ್ಮು ತೋಟದಲ್ಲೇ ಇದೆ, ಅದರ ಮೇಲೆ ಕೆಂಪು ಪೇಂಟಿನಲ್ಲಿ ದೊಡ್ಡದಾಗಿ "ಮದ್ದು" ಎಂದು ಬರೆದಿಟ್ಟಿದ್ದೇನೆ.