ಆಟದ ಕಥೆ, ಕರ್ತೃವಿನ ಸ್ವತ್ತು
ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಶಬ್ದಹರಣ, ಅರ್ಥಹರಣಗಳನ್ನು ಬೇರೆಬೇರೆಯಾಗಿ ವಿವೇಚಿಸಿದ್ದಾನೆ. ಪೂರ್ವಕೃತಿಗಳಿಂದ ಗಣಕಯಂತ್ರದ ಆಟಗಳನ್ನು ಕಟ್ಟುವವರಿಗೂ ಈ ವಿವೇಕವು ಅವಶ್ಯವಾದುದು. ಅಭಿಮನ್ಯುವಿನ ಕಥೆ ಯಾರೊಬ್ಬರ ಸೊತ್ತೂ ಅಲ್ಲ. ಶಿವರಾಮ ಕಾರಂತರು ಯಕ್ಷಗಾನದ ಆಟಕ್ಕಿತ್ತ ನೂತನ ನೃತ್ಯರೂಪವಾದರೋ ಅವರ ಪರಿಶ್ರಮದ ಫಲ. ಅವರು 1997ರಲ್ಲಿ ದಿವಂಗತರಾದ ಮೇಲೆ ಎದ್ದ ವ್ಯಾಜ್ಯದಲ್ಲಿ, ಆ ಪ್ರಸಂಗಗಳ ಹಕ್ಕು ಅವರ ಮರಣಶಾಸನದಂತೆಯೇ ಸಲ್ಲತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ನಿರ್ಣಯಿಸಿತು. ಕರ್ತೃವಿನ ಮರಣಾನಂತರವೂ 60 ವರ್ಷ ಕೃತಿಸ್ವಾಮ್ಯವುಂಟು. ದೊಡ್ಡಬಳ್ಳಾಪುರದ ತರುಣನು ಚಕ್ರವ್ಯೂಹವನ್ನು ಆಟವಾಗಿಸಲಿ. ಕುಮಾರವ್ಯಾಸನ ಪದ್ಯವನ್ನೂ ಬಳಸಲಿ. ಆದರೆ ಇಂದಿನ ಕವಿಯ ಮಾತನ್ನೂ ಚಿತ್ರಕಾರನ ರೇಖೆಯನ್ನೂ ಅನುಮತಿಯಿಲ್ಲದೆ ತೆಗೆದುಕೊಳ್ಳಬಾರದು. ಪುರಾಣದ ಕಥೆಯು ಸರ್ವರದು. ಅದನ್ನು ಹೇಳಿದ ಬಗೆಯು ಹೇಳಿದವನದು.