ಘಟಶ್ರಾದ್ಧ: ಮರೆತ ಅರ್ಧವಿಧಿ

ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧವನ್ನು ಮಾಡುವುದಕ್ಕಿಂತ ದಾರುಣವಾದುದು ಲೋಕದಲ್ಲಿ ಏನುಂಟು? ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ, ಸ್ವರ್ಣಕಮಲಕ್ಕೆ ಪಾತ್ರವಾದ ‘ಘಟಶ್ರಾದ್ಧ’ವೆಂಬ ಚಲಚ್ಚಿತ್ರವು ಇದನ್ನು ವೇದಪಾಠಶಾಲೆಯ ಬಾಲಕ ನಾಣಿಯ ಕಣ್ಣಿನಿಂದ ಕಾಣಿಸುತ್ತದೆ. ವಿಧವೆ ಯಮುನೆಯು ಗರ್ಭಿಣಿಯಾದಳು. ಕಾರಣನಾದ ಶಾಲೆಯ ಉಪಾಧ್ಯಾಯನು ಜಾರಿಕೊಂಡನು. ತಂದೆ ಉಡುಪರು ಮಗಳನ್ನು ಜಾತಿಯಿಂದ ಹೊರಗಿಟ್ಟರು.

ಚಿತ್ರವು ವೈದಿಕರನ್ನು ಹೀಗಳೆಯುತ್ತದೆಂದು ಕೆಲವರು ಮುನಿಯಬಹುದು. ಪಾಠಶಾಲೆಯಲ್ಲಿಯೇ ಓದಿದ ನನಗೆ ಹಾಗೆನಿಸಲಿಲ್ಲ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವನ್ನು ತೆರೆದು ನೋಡಿರಿ. ಪತಿತರಿಗಾಗಿ ಘಟವನ್ನು ಮಗುಚುವ ವಿಧಿಯುಂಟು, ನಿಜ. ಪ್ರಾಯಶ್ಚಿತ್ತವಾದ ಬಳಿಕ ಹೊಸ ಪೂರ್ಣಕುಂಭದೊಡನೆ ಮರಳಿ ಸೇರಿಸಿಕೊಳ್ಳುವ ವಿಧಿಯೂ ಉಂಟು. ಪತಿತೆಯಾದ ಸ್ತ್ರೀಗಂತೂ ಅನ್ನವಸ್ತ್ರಗಳನ್ನಿತ್ತು ಮನೆಯ ಸಮೀಪದಲ್ಲಿಯೇ ಇರಗೊಡಬೇಕೆಂದಿದೆ. ಅಗ್ರಹಾರವು ಮೊದಲನೆಯದನ್ನು ಮಾತ್ರ ನೆನಪಿಟ್ಟಿತು. ತಲೆ ಬೋಳಿಸಿದ ಯಮುನೆಯು ಮರದಡಿಯಲ್ಲಿ ಕುಳಿತಿರಲು, ವಯಸ್ಸಾದ ಉಡುಪರು ಎಳೆಯ ಕನ್ಯೆಯನ್ನು ವರಿಸಹೊರಟಿದ್ದಾರೆ!

ತಂದೆಯೊಡನೆ ಊರಿಗೆ ಮರಳುವ ನಾಣಿಯು ಹಿಂದಿರುಗಿ ನೋಡುತ್ತಾನೆ. ಪಾಪಭೀತಿಯನ್ನು ಹೊತ್ತವನು ಆ ನಿರಪರಾಧಿ ಬಾಲಕನೊಬ್ಬನೇ. ಕುಂದಾಪುರ, ಬ್ರಹ್ಮಾವರಗಳ ಕಡೆಯ ಹಳೆಯ ಮನೆಗಳಲ್ಲಿಯೂ ಯಾರೂ ಹೆಸರೆತ್ತದ ಅತ್ತೆಯರು, ಅಕ್ಕಂದಿರು ಇದ್ದರಲ್ಲವೇ? ಅವರನ್ನು ನೆನೆದು ಈ ಚಿತ್ರವನ್ನು ನೋಡತಕ್ಕದ್ದು.