ಸುಕ್ರಜ್ಜಿಯ ಪದ ಕೇಳುವ ಬಗೆ

ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡರ ಹಾಡು ಮೊದಲ ಸಲ ಕಿವಿಗೆ ಬಿದ್ದಾಗ ಪೇಟೆಯವರ ತಕರಾರು ಒಂದೇ: ‘ಧಾಟಿ ಬದಲಾಗುವುದೇ ಇಲ್ಲವಲ್ಲ!’ ನಿಜ. ನಾಲ್ಕು ಸಾಲಿಗೆ ಹಿಡಿದ ಧಾಟಿಯೇ ನಲವತ್ತು ಸಾಲಿಗೂ ನಡೆಯುತ್ತದೆ. ಹಾಲಕ್ಕಿ ಒಕ್ಕಲಿಗರ ಈ ಪದಗಳು ಹುಟ್ಟಿದ್ದು ಗದ್ದೆ ನಟ್ಟಿಗೆ, ಮದುವೆಗೆ, ಹಬ್ಬಕ್ಕೆ. ಕೈಕೆಲಸ ಸಾಗಿದಷ್ಟು ಹೊತ್ತು ಪದವೂ ಸಾಗಬೇಕು. ಧಾಟಿ ಸರಳವಾಗಿದ್ದರೇನೇ ಮಾತು ನೆನಪಿನಲ್ಲಿ ನಿಲ್ಲುತ್ತದೆ. ರಾಗದ ತಿರುವಿಗೆ ಕಾಯಬೇಡಿ, ಮಾತಿನ ಬೆನ್ನು ಹಿಡಿಯಿರಿ.

ಮೊದಲು ಕೇಳಬೇಕಾದದ್ದು: ಇದು ಯಾವ ಹೊತ್ತಿನ ಪದ? ಮದುವೆ ಮನೆಯಲ್ಲಿ ಒಂದೊಂದು ಶಾಸ್ತ್ರಕ್ಕೂ ಅದರದೇ ಪದ ಉಂಟು. ಸಂದರ್ಭ ತಿಳಿದರೆ ಅರ್ಧ ಅರ್ಥ ಆದಂತೆ.

ಎರಡನೆಯದಾಗಿ, ಜೊತೆಯ ದನಿಗೆ ಕಿವಿಗೊಡಿ. ಒಬ್ಬರು ಹೇಳಿದ ಸಾಲನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಮೊದಲಿನವರಿಗೆ ಉಸಿರು ತೆಗೆದುಕೊಳ್ಳಲು, ಮುಂದಿನ ಸಾಲು ನೆನೆಯಲು ಅಷ್ಟು ಹೊತ್ತು ಸಾಕು.

ಮೂರನೆಯದು, ಗುಮಟೆ. ಹೆಂಗಸರ ಪದಕ್ಕೆ ಬರಿ ಕೊರಳು ಸಾಕು. ಗಂಡಸರ ಹಾಡಿಗೆ ಗುಮಟೆ ಬೇಕೇ ಬೇಕು. ಇದು ಎರಡು ಬಾಯಿಯ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಸಣ್ಣದು ತೆರೆದಿರುತ್ತದೆ. ಬಲಗೈ ಚರ್ಮ ಬಡಿಯುವಾಗ ಎಡಗೈ ಸಣ್ಣ ಬಾಯನ್ನು ಮುಚ್ಚಿ ತೆಗೆಯುವುದನ್ನು ನೋಡಿ; ಗುಂಯ್‌ಗುಡುವ ನಾದದ ಏರಿಳಿತವೆಲ್ಲ ಆ ಅಂಗೈಯದು. ಹಿಂದೆ ಇದಕ್ಕೆ ಉಡದ ಚರ್ಮವೇ ಆಗಬೇಕಿತ್ತು. ಉಡ ಈಗ ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿ.

ಇನ್ನು ಸುಕ್ರಜ್ಜಿಯ ಬದುಕು. ಓದುಬರಹ ಬಾರದ ಅವರು ಪದ ಕಲಿತದ್ದು ತಾಯಿಯಿಂದ. ಚಿಕ್ಕಂದಿನಲ್ಲೇ ಮದುವೆಯಾಯಿತು. ಗಂಡನನ್ನು ಸಾರಾಯಿ ಬಲಿ ತೆಗೆದುಕೊಂಡಿತು, ಸಾಕಿದ ಮಗನನ್ನೂ ಬಿಡಲಿಲ್ಲ. ಅವರು ಅಳುತ್ತ ಮನೆಯಲ್ಲಿ ಕೂರಲಿಲ್ಲ. ಊರ ಹೆಂಗಸರನ್ನು ಕೂಡಿಸಿ ಸಾರಾಯಿ ವಿರುದ್ಧ ಬೀದಿಗಿಳಿದರು. ಕಾರವಾರದ ಆಕಾಶವಾಣಿ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿತು. 2017ರಲ್ಲಿ ಪದ್ಮಶ್ರೀ ಬಂದಾಗಲೂ ಕೊರಳ ತುಂಬ ಮಣಿಸರ, ಹಾಲಕ್ಕಿ ಉಡುಗೆಯಲ್ಲೇ ರಾಷ್ಟ್ರಪತಿ ಭವನದ ಮೆಟ್ಟಿಲು ಹತ್ತಿದರು. 2025ರ ಫೆಬ್ರವರಿ 13ರಂದು, 88ರ ವಯಸ್ಸಿನಲ್ಲಿ ತೀರಿಕೊಂಡರು.

ಈ ಕಥೆ ತಿಳಿದ ಮೇಲೆ ಅವರ ದನಿಯಲ್ಲೆಲ್ಲ ದುಃಖವನ್ನೇ ಹುಡುಕುವ ಚಟ ಹತ್ತುತ್ತದೆ. ಅದು ಬೇಡ. ಪದ ಅವರೊಬ್ಬರದಲ್ಲ, ಕೇರಿಯದು. ಅದರಲ್ಲಿ ನಗೆ, ಕೀಟಲೆ, ದೇವರು, ಬೀಗರು ಎಲ್ಲ ಇದ್ದಾರೆ. ತಮ್ಮ ನೋವನ್ನು ಪದದ ಮೇಲೆ ಹೇರದೆ, ತಾಯಿ ಕೊಟ್ಟದ್ದನ್ನು ಹಾಗೆಯೇ ದಾಟಿಸಿದ್ದು ಅವರ ದೊಡ್ಡತನ.

ಅವರ ಧ್ವನಿಮುದ್ರಿಕೆ ಸಿಕ್ಕರೆ ಮೊದಲ ಸಲ ಮಾತಿಗಾಗಿ ಕೇಳಿ, ಎರಡನೇ ಸಲ ಸಾಲು ಕೈಬದಲಾಗುವ ಜಾಗಕ್ಕಾಗಿ. ಫಾಲ್ಗುಣ ಮಾಸದಲ್ಲಿ ಅಂಕೋಲೆ ಕಡೆ ಬಂದರೆ ಹಾಲಕ್ಕಿಗಳ ಸುಗ್ಗಿ ಕುಣಿತ ಮನೆಯಂಗಳಕ್ಕೇ ಬರುತ್ತದೆ. ಮೊಬೈಲ್ ಕಿಸೆಯಲ್ಲಿರಲಿ. ಕುಣಿತ ಮುಗಿದ ಮೇಲೆ ಹಿರಿಯರನ್ನು ಕೇಳಿ: ‘ಇದು ಯಾವಾಗ ಹೇಳುವ ಪದ, ಗೌಡ್ರೇ?’